ಹಳೆ ರೈಫಲ್ ಮೇಲಿನ ಸ್ಕೋಪ್

ಹಳೆ ಮಿಲಿಟರಿ ರೈಫಲ್ ಮೇಲೆ ಸ್ಕೋಪ್ (ಗುರಿ ನೋಡುವ ದೂರದರ್ಶಕ) ಕಂಡರೆ ನಾನು ಮೊದಲು ನೋಡುವುದು ಅದನ್ನು ಹಿಡಿದಿಡುವ ಮೌಂಟಿನ ಸ್ಕ್ರೂಗಳನ್ನು. ಲೆನ್ಸ್ ಹೇಗಿದೆ ಅನ್ನೋದು ಆಮೇಲಿನ ಮಾತು. ಆ ಸ್ಕ್ರೂಗಳ ತೂತುಗಳನ್ನು ಯಾರು ಕೊರೆದರು, ಎಲ್ಲಿ ಕೊರೆದರು?

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಂದೂಕು ತಯಾರಕ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ, ಆರಿಸಿದ ಲೀ-ಎನ್‌ಫೀಲ್ಡ್ ನಂ. 4 ಬ್ರಿಟಿಷ್ ಸೇನಾ ರೈಫಲ್‌ಗಳಿಗೆ ಸ್ಕೋಪ್ ಕೂರಿಸುತ್ತಿತ್ತು. ಮೌಂಟ್ ಕೂರುವ ಲೋಹದ ಪ್ಯಾಡ್‌ಗಳಿಗೆ ಸ್ಕ್ರೂ ಜೊತೆ ಬೆಸುಗೆಯೂ ಇರುತ್ತಿತ್ತು. ಆ ಕೆಲಸವೇ ಬೇರೆ. ಆಮೇಲೆ ಯಾರೋ ಶೆಡ್ಡಿನಲ್ಲಿ ಡ್ರಿಲ್ ಹಿಡಿದು ಮಾಡಿದ್ದು ಬೇರೆ.

ಜರ್ಮನಿಯ ಮೌಸರ್ 98 ರೈಫಲ್‌ನಲ್ಲಿ ಬೋಲ್ಟಿನ (ಗುಂಡಿನ ಹಿಂದೆ ಮುಚ್ಚುವ ಉಕ್ಕಿನ ತುಂಡು) ಮುಖ್ಯ ಲಗ್‌ಗಳು, ಅಂದರೆ ಬೀಗದಂತೆ ಹಿಡಿಯುವ ಹಲ್ಲುಗಳು, ರಿಸೀವರ್‌ನ (ಬೋಲ್ಟ್ ಕೂರುವ ಉಕ್ಕಿನ ಚೌಕಟ್ಟು) ಮುಂಭಾಗದಲ್ಲೇ ಕೂರುತ್ತವೆ. ಗುಂಡು ಹಾರಿದಾಗಿನ ಒತ್ತಡ ತಡೆಯುವುದೂ ಅಲ್ಲೇ. ಅಲ್ಲಿ ತಪ್ಪು ಜಾಗದಲ್ಲಿ ಕೊರೆದರೆ ಉಕ್ಕಿನ ಬಲವೇ ಕುಗ್ಗುತ್ತದೆ. ಸ್ಕ್ರೂ ಸ್ವಲ್ಪ ಉದ್ದವಾದರೂ ತುದಿ ಬೋಲ್ಟಿಗೆ ತಾಗುತ್ತದೆ. ಸ್ಕೋಪ್ ತೀರಾ ಕೆಳಗಿದ್ದರೆ ಬೋಲ್ಟಿನ ಹಿಂದಿರುವ ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲು) ಮೇಲಕ್ಕೆ ತಿರುಗುವುದೇ ಇಲ್ಲ. ಸೇಫ್ಟಿಯೇ ಕೆಲಸ ಮಾಡದಿದ್ದರೆ ಹೇಗೆ, ಅಲ್ವಾ?

ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಮಾಡಿದ 1903 ಮಾದರಿಯ ರೈಫಲ್‌ಗಳಲ್ಲಿ 8,00,000ಕ್ಕಿಂತ ಕಡಿಮೆ ನಂಬರಿನ ರಿಸೀವರ್‌ಗಳಿಗಂತೂ ಬಿರುಕು ಬಿಟ್ಟು ಒಡೆಯುವ ಕೆಟ್ಟ ಹೆಸರಿದೆ. ತಯಾರಿಕೆಯಲ್ಲಿ ಅತಿಯಾಗಿ ಕಾಯಿಸಿದ್ದರಿಂದ ಕೆಲವದರ ಉಕ್ಕು ಹಾಳಾಗಿತ್ತು. ಅಂಥ ರೈಫಲ್‌ಗೆ ಮೌಂಟ್ ಎಷ್ಟು ಗಟ್ಟಿ ಕೂತರೂ ನಾನು ಒಪ್ಪುವುದಿಲ್ಲ.

ಗುಂಡು ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೌಂಟ್ ಬಿಚ್ಚಿಸಿ, ತಿಳಿದ ಗನ್‌ಸ್ಮಿತ್ ಕೈಲಿ ತೂತುಗಳ ಸುತ್ತ ಬಿರುಕು ನೋಡಿಸಿ. ಅಲ್ಲಿಯವರೆಗೆ ಅದರಿಂದ ಗುಂಡು ಹಾರಿಸಬೇಡಿ.