ಹಿಂದೋಳದ ಕೆಳಗೆ ಕಾರ್ಡ್ ಹಾಕುವ ಮುನ್ನ

11 ಅಕ್ಟೋಬರ್ 2024, ಶುಕ್ರವಾರ

ಕರ್ನಾಟಕ ಸಂಗೀತವನ್ನು ಸ್ಯಾಕ್ಸೊಫೋನಿನಲ್ಲಿ ನುಡಿಸಿದ ಕದ್ರಿ ಗೋಪಾಲನಾಥರು ತೀರಿಕೊಂಡು ಇವತ್ತಿಗೆ ಐದು ವರ್ಷ. ಈ ಸಲ ಆಯುಧಪೂಜೆಯೂ ಇದೇ ದಿನ ಬಂದಿದೆ. ಸ್ಯಾಕ್ಸೊಫೋನ್ ನೆನೆಯಲು ಇದಕ್ಕಿಂತ ಒಳ್ಳೆಯ ದಿನ ಬೇಕೆ? ಆ ನೆಪದಲ್ಲಿ, ಕರ್ನಾಟಕ ಸಂಗೀತಕ್ಕೆ ಜಾಝ್ ವಾದ್ಯಗಳನ್ನು ಜೋಡಿಸುವ ತಂಡಗಳಿಗೆ ನಾಲ್ಕು ಮಾತು.

ಕೇಳಲೇಬೇಕಾದದ್ದು 2008ರ ‘ಕಿನ್ಸ್‌ಮೆನ್’ ಆಲ್ಬಂ. ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ ಮತ್ತು ಕದ್ರಿಯವರು, ಇಬ್ಬರ ಕೈಯಲ್ಲೂ ಆಲ್ಟೊ ಸ್ಯಾಕ್ಸೊಫೋನ್. ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ಗಿಟಾರ್, ಬೇಸ್, ಡ್ರಮ್ಸ್. ಪಿಯಾನೊ ಇಲ್ಲ. ಅದಕ್ಕೂ ಮೊದಲು, 1983ರಲ್ಲಿ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಂದಿಗೆ ‘ಜ್ಯೋತಿ’ ಆಲ್ಬಂ ಮಾಡಿದರು. ಆರ್.ಎ. ರಮಾಮಣಿಯವರ ಗಾಯನ, ಟಿ.ಎ.ಎಸ್. ಮಣಿಯವರ ಮೃದಂಗ. ಅದರಲ್ಲೂ ಕೀಬೋರ್ಡ್ ಇಲ್ಲ. ಈ ಎರಡರಲ್ಲೂ ರಾಗ ಉಸಿರಾಡುವುದಕ್ಕೆ ಇದೊಂದು ದೊಡ್ಡ ಕಾರಣ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಿಂದೋಳ ರಾಗವನ್ನೇ ತೆಗೆದುಕೊಳ್ಳಿ. ಷಡ್ಜ (ಆಧಾರ ಸ್ವರ ‘ಸ’) ಪಾಶ್ಚಾತ್ಯರ ‘ಸಿ’ ಆದರೆ ಸ್ವರಗಳು ಸಿ, ಇ ಫ್ಲ್ಯಾಟ್, ಎಫ್, ಎ ಫ್ಲ್ಯಾಟ್, ಬಿ ಫ್ಲ್ಯಾಟ್. ಈ ಐದರೊಳಗೆ ಸಿಗುವ ಮೂರು ಸ್ವರದ ಮೇಜರ್, ಮೈನರ್ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಎರಡೇ: ಎ ಫ್ಲ್ಯಾಟ್ ಮೇಜರ್, ಎಫ್ ಮೈನರ್. ಎರಡರ ಬುಡವೂ ಷಡ್ಜವಲ್ಲ! ಬೇಸ್ ವಾದಕ ಎ ಫ್ಲ್ಯಾಟ್ ಹಿಡಿದು ನಿಂತರೆ ಕೇಳುವವರ ಕಿವಿ ಆ ಧೈವತವನ್ನೇ ಷಡ್ಜವೆಂದು ನಂಬುತ್ತದೆ, ಹಿಂದೋಳ ಮೋಹನ ರಾಗವಾಗುತ್ತದೆ. ಎಫ್ ಹಿಡಿದರೆ ಉದಯರವಿಚಂದ್ರಿಕೆ ರಾಗ. ಯಾರೂ ಅಪಸ್ವರ ನುಡಿಸಿಲ್ಲ, ಆದರೂ ರಾಗ ಕೈತಪ್ಪಿದೆ. ಬೇಕೆಂದೇ ಮಾಡಿದರೆ ಇದು ಗ್ರಹಭೇದ (ಬೇರೆ ಸ್ವರವನ್ನು ಷಡ್ಜವಾಗಿಸಿ ಬೇರೆ ರಾಗ ತೋರಿಸುವುದು), ಅರಿಯದೆ ಮಾಡಿದರೆ ಗಾಯಕರಿಗೆ ನಿಲ್ಲಲು ನೆಲವೇ ಇಲ್ಲ.

ಹಾಗಾಗಿ ಬೇಸ್ ‘ಸಿ’ ಬಿಟ್ಟು ಕದಲಬಾರದು. ಕೀಬೋರ್ಡಿಗೆ ಸ-ಮ ಎರಡೇ ಸ್ವರ ಸಾಕು. ಗಿಟಾರಿನವರು ಅಭ್ಯಾಸಬಲದಿಂದ ಸ-ಪ ಪವರ್ ಕಾರ್ಡ್ ಹಿಡಿಯುತ್ತಾರೆ. ಹಿಂದೋಳಕ್ಕೆ ಪಂಚಮವೇ ಇಲ್ಲ, ತಂಬೂರಿಯ ಪಂಚಮದ ತಂತಿಯನ್ನೂ ಮಧ್ಯಮಕ್ಕೆ ಇಳಿಸಿರುತ್ತೇವೆ. ಇದನ್ನು ರಿಹರ್ಸಲ್‌ಗೆ ಮೊದಲೇ ಹೇಳಿಬಿಡಿ.

ಹಂಸಧ್ವನಿ ಇಷ್ಟು ಕಾಡುವುದಿಲ್ಲ. ಸಿ ಮೇಜರ್, ಜಿ ಮೇಜರ್, ಇ ಮೈನರ್ ಮೂರೂ ರಾಗದೊಳಗೇ ಇವೆ. ತೊಂದರೆ ಗಾಂಧಾರದ್ದು. ತಂಬೂರಿಯ ಷಡ್ಜದಿಂದ ತಾನಾಗಿ ಏಳುವ ಅಂತರ ಗಾಂಧಾರ 386 ಸೆಂಟ್ಸ್ (ಒಂದು ಸೆಂಟ್ ಎಂದರೆ ಪಿಯಾನೊದ ಅಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರನೆಯ ಒಂದು ಭಾಗ), ಪಿಯಾನೊದ್ದು 400. ಆ 14 ಸೆಂಟ್ಸ್ ದೀರ್ಘ ಸ್ವರದಲ್ಲಿ ಕಿವಿಗೆ ಚುಚ್ಚುತ್ತದೆ. ಕಾರ್ಡಿನಿಂದ ಗಾಂಧಾರವನ್ನು ತೆಗೆದು, ಅದನ್ನು ಹಾಡುವವರಿಗೇ ಬಿಡಿ. ತೋಡಿಗಂತೂ ಕಾರ್ಡ್ ಬೇಡವೇ ಬೇಡ. ಅಲ್ಲಿ ಗಾಂಧಾರದ ಜೀವವೇ ಗಮಕ (ಸ್ವರದ ತೂಗಾಟ), ಕೀಬೋರ್ಡ್ ಅದನ್ನು ಮೊಳೆ ಹೊಡೆದು ನಿಲ್ಲಿಸುತ್ತದೆ.

ಶ್ರುತಿಯನ್ನು ಫೋನಿನಲ್ಲೇ ಗೊತ್ತು ಮಾಡಿಕೊಳ್ಳಿ. ಆಲ್ಟೊ ಸ್ಯಾಕ್ಸ್‌ನಲ್ಲಿ ‘ಸಿ’ ಎಂದು ಬೆರಳಿಟ್ಟರೆ ಹೊರಡುವ ನಾದ ಇ ಫ್ಲ್ಯಾಟ್, ನಮ್ಮ ಲೆಕ್ಕದ ಎರಡೂವರೆ ಶ್ರುತಿ. ಮೃದಂಗವನ್ನು ಅರ್ಧ ಶ್ರುತಿ ಆಚೀಚೆ ಮಾಡಬಹುದು, ಅದಕ್ಕಿಂತ ಹೆಚ್ಚಾದರೆ ಬೇರೆ ಮೃದಂಗವೇ ಬೇಕು. ಎ.ಸಿ. ಹಾಲ್‌ನಲ್ಲಿ ತಣ್ಣಗಿರುವ ಸ್ಯಾಕ್ಸ್ ಇಳಿ ಶ್ರುತಿಯಲ್ಲಿರುತ್ತದೆ, ಊದಿ ಬಿಸಿ ಮಾಡಿದ ಮೇಲೆಯೇ ಶ್ರುತಿ ಸೇರಿಸಬೇಕು.

ಇನ್ನು ಲಯ. ಜಾಝ್ ಡ್ರಮ್ಮರ್ ಸ್ವಿಂಗ್ ನುಡಿಸುವಾಗ ಪೆಟ್ಟಿನ ಎರಡನೆಯ ಸ್ವರ ಆ ಪೆಟ್ಟಿನ ಸುಮಾರು ಮೂರರಲ್ಲಿ ಎರಡು ಭಾಗ ಕಳೆದ ಮೇಲೆ ಬೀಳುತ್ತದೆ, ಚತುರಶ್ರ (ಪೆಟ್ಟಿಗೆ ನಾಲ್ಕು ಮಾತ್ರೆ) ನಡೆಯ ಮೃದಂಗದಲ್ಲಿ ನಟ್ಟನಡುವೆ. ಎರಡೂ ಒಟ್ಟಿಗೆ ನಡೆದರೆ ಕಲಸುಮೇಲೋಗರ. ಇಬ್ಬರೂ ತಿಶ್ರಕ್ಕೆ (ಪೆಟ್ಟಿಗೆ ಮೂರು) ಬನ್ನಿ, ಇಲ್ಲವೇ ಡ್ರಮ್ಮರ್ ಸ್ವಿಂಗ್ ಬಿಡಲಿ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಮೃದಂಗದ ಎಡಗಡೆಯ ಗುಮ್ಕಿಯನ್ನು (ಆಳವಾದ ನಾದವನ್ನು) ನುಂಗುತ್ತದೆ, ಅಲ್ಲಿ ಕಿಕ್ ಬಿಟ್ಟು ಬ್ರಶ್ ಹಿಡಿಯುವುದು ಮೇಲು.

ಅತಿ ಹೆಚ್ಚು ಎಡವುವುದು ಮುಕ್ತಾಯದಲ್ಲಿ, ಅಂದರೆ ಒಂದೇ ಸೊಲ್ಲುಕಟ್ಟು ಮೂರು ಸಲ ಬಂದು ಹಾಡಿನ ಎತ್ತುಗಡೆಗೆ ಸೇರುವ ಕಡೆ. ಆದಿತಾಳ, ಚತುರಶ್ರ ನಡೆ, ಒಂದು ಆವರ್ತಕ್ಕೆ 32 ಮಾತ್ರೆ. ‘ತ-ದಿ-ಗಿಣತೊಂ’ (7) ಮೂರು ಸಲ, ನಡುವೆ ಎರಡೆರಡು ಮಾತ್ರೆ ಬಿಡುವು, ಒಟ್ಟು 25. ಹಾಡು ಸಮದಿಂದಲೇ (ಆವರ್ತದ ಮೊದಲ ಪೆಟ್ಟಿನಿಂದ) ಎತ್ತುವುದಾದರೆ ಮೊದಲು 7 ಮಾತ್ರೆ ಬಿಟ್ಟು ಶುರು ಮಾಡಬೇಕು. ಅರ್ಧ ಎಡುಪಿನ (ಸಮದಿಂದ ಎರಡು ಮಾತ್ರೆ ಕಳೆದು ಎತ್ತುವ) ಹಾಡಾದರೆ 9 ಬಿಡಬೇಕು. ಇಲ್ಲದಿದ್ದರೆ ಡ್ರಮ್ಮರ್ ಸಮದಲ್ಲಿ ಸಿಂಬಲ್ ಬಾರಿಸಿರುತ್ತಾರೆ, ಉಳಿದವರು ಎರಡು ಮಾತ್ರೆ ಕಳೆದು ಬಂದು ಸೇರುತ್ತಾರೆ. ಇಂಥ ಹಾಡಿಗೆ ಡ್ರಮ್ಮರ್ ಹಾಳೆಯ ಮೇಲೆ ‘9 ಬಿಡು, 7-2-7-2-7’ ಎಂದು ದಪ್ಪಕ್ಷರದಲ್ಲಿ ಬರೆದುಕೊಡಿ. ಬರೆದುಕೊಟ್ಟ ಮೇಲೂ ಬಾಯಲ್ಲಿ ಕೊನ್ನಕ್ಕೋಲು (ಮೃದಂಗದ ಸೊಲ್ಲುಗಳು) ಹೇಳಿಸಿ, ಕೈಯಲ್ಲಿ ತಾಳ ಹಾಕಿಸಿ, ಆಮೇಲೆ ಡ್ರಮ್ಮಿನ ಕೋಲು ಕೊಡಿ.