ಅಕ್ಕನ ಮಗನ ಕ್ಯಾಮೆರಾ

ಅಕ್ಕನ ಮಗ ಮೊದಲ ಸಂಬಳದಲ್ಲಿ ಕ್ಯಾಮೆರಾ ಕೊಳ್ಳಲು ಹೊರಟಿದ್ದಾನೆ. "ಮಾವ, ಎಷ್ಟು ಮೆಗಾಪಿಕ್ಸೆಲ್ ಇರಬೇಕು?" ಎಂಬುದೇ ಮೊದಲ ಪ್ರಶ್ನೆ. ಅದನ್ನು ಮರೆತುಬಿಡು ಎಂದೆ. ಕ್ಯಾನನ್ 1500ಡಿ ಆಗಲಿ, ನಿಕಾನ್ ಡಿ3500 ಆಗಲಿ, ಎರಡರಲ್ಲೂ 24ರ ಆಸುಪಾಸು. ಮನೆಯ ಗೋಡೆಗೆ ಹಾಕುವ ಚಿತ್ರಕ್ಕೆ ಅಷ್ಟು ಧಾರಾಳ.

ಬಳಸಿದ ಡಿ3500 ಸಿಕ್ಕರೆ ನೋಡು ಎಂದು ಹೇಳಿದ್ದೇನೆ. 2018ರ ಮಾದರಿ, ತಯಾರಿಕೆ ನಿಂತಿದೆ. ಕಲಿಯುವವನಿಗೆ ಏನೂ ಕಡಿಮೆಯಿಲ್ಲ. ಕೊಳ್ಳುವ ಮುನ್ನ ಶಟರ್ ಎಷ್ಟು ಸಲ ಬಡಿದಿದೆ, ಅಂದರೆ ಎಷ್ಟು ಚಿತ್ರ ತೆಗೆದಿದೆ ಎಂದು ವಿಚಾರಿಸಬೇಕು. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಕಟ್ಟಿದೆಯೇ ನೋಡಬೇಕು. ನಮ್ಮ ಮಲೆನಾಡಿನ ಮಳೆಗಾಲ ಉಪ್ಪಿನಕಾಯಿ ಜಾಡಿಯನ್ನೂ ಬಿಡುವುದಿಲ್ಲ, ಲೆನ್ಸನ್ನೂ ಬಿಡುವುದಿಲ್ಲ.

ಇನ್ನೊಂದು ಮಾತು. ಆ ಕ್ಯಾಮೆರಾದ ಒಡಲಲ್ಲಿ ತಾನಾಗಿ ಫೋಕಸ್ ಮಾಡುವ ಮೋಟಾರ್ ಇಲ್ಲ, ಅದು ಲೆನ್ಸಿನಲ್ಲೇ ಇರಬೇಕು. ಇದನ್ನು ತಿಳಿಯದೆ, ಅಗ್ಗಕ್ಕೆ ಸಿಕ್ಕಿತೆಂದು ಹಳೆಯ 50 ಮಿ.ಮೀ. ಲೆನ್ಸ್ ತಂದ ನಾನು ಎರಡು ವರ್ಷ ಫೋಕಸಿಗಾಗಿ ಕೈಯಲ್ಲೇ ಲೆನ್ಸಿನ ಉಂಗುರ ತಿರುಗಿಸಿದೆ. ಪೆದ್ದುತನವೇ ಸರಿ. ಆದರೆ ಅಮ್ಮ ಜಗುಲಿಯಲ್ಲಿ ಹೂ ಕಟ್ಟುತ್ತಿದ್ದ ಚಿತ್ರ ಬಂದದ್ದು ಅದರಲ್ಲೇ. ಫೋಕಸ್ ಮುಖಕ್ಕೆ ಸಿಗದೆ ಬೆರಳುಗಳ ಮೇಲೆ ಬಿದ್ದಿತ್ತು. ಈಗ ಅಕ್ಕ ಕೇಳಿ ಪಡೆದು ಚೌಕಟ್ಟು ಹಾಕಿಸಿರುವುದು ಆ ಚಿತ್ರಕ್ಕೇ.

ರಂಗನತಿಟ್ಟಿನ ಹಕ್ಕಿಗಳು ಕ್ಯಾಮೆರಾ ಜೊತೆಗೇ ಬರುವ 18-55 ಮಿ.ಮೀ. ಲೆನ್ಸಿನಲ್ಲಿ ಬರುತ್ತವೆಯೇ ಎಂದು ಹುಡುಗ ನಿನ್ನೆ ರಾತ್ರಿ ಮತ್ತೆ ಫೋನ್ ಮಾಡಿದ್ದ. ಬರುತ್ತವೆ, ಚುಕ್ಕೆಗಳಾಗಿ; ಮರ ಮಾತ್ರ ಬಹಳ ಚೆನ್ನಾಗಿ ಬರುತ್ತದೆ ಎಂದೆ.