ಜ್ವರ ಬಿಟ್ಟರೆ ಸಾಲದು, ಕಾಲೂ ಉಳಿಯಬೇಕು

ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿರುವ ನನಗೆ ವಾರ್ಡುಗಳಿಂದ ಕರೆ ಬರುವುದು ಹೆಚ್ಚಾಗಿ ಲಕ್ವ ಹೊಡೆದವರಿಗಾಗಿ, ಇಲ್ಲವೇ ಮೂಳೆ ಮುರಿದು ಆಪರೇಷನ್ ಆದವರಿಗಾಗಿ. ನ್ಯುಮೋನಿಯಾ, ಮೂತ್ರದ ಸೋಂಕು ಎಂದು ದಾಖಲಾದ ವಯಸ್ಸಾದವರು ನಮ್ಮ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಡಿಸ್ಚಾರ್ಜ್ ಚೀಟಿ ಬರೆದಾದ ಮೇಲೆ, ‘ಬರುವಾಗ ನಡೆದೇ ಬಂದಿದ್ದರು, ಈಗ ಎದ್ದು ನಿಲ್ಲುತ್ತಿಲ್ಲ’ ಎಂದು ಮನೆಯವರು ಗಾಬರಿಯಾದಾಗ. ಕಳೆದ ಮಳೆಗಾಲದಲ್ಲಿ ಒಬ್ಬರ ವಿಷಯದಲ್ಲಿ ಹಾಗಾಗಲಿಲ್ಲ. ಹಾಸನದ ಕಡೆಯ ಹಳ್ಳಿಯೊಂದರಿಂದ ನ್ಯುಮೋನಿಯಾ ಆಗಿ ಬಂದಿದ್ದ, ಎಂಬತ್ತರ ಹತ್ತಿರದ ಅಜ್ಜಿಯ ಕೇಸ್ ಶೀಟಿನಲ್ಲಿ ವಾರ್ಡಿನ ವೈದ್ಯರು ದಾಖಲಾದ ಮರುದಿನವೇ ನಮ್ಮ ವಿಭಾಗದ ಹೆಸರು ಬರೆದಿದ್ದರು.

ನಾನು ಹೋದಾಗ ಅಜ್ಜಿಯ ಮೂಗಿಗೆ ಆಕ್ಸಿಜನ್ ಪೈಪು, ಕೈಗೆ ಡ್ರಿಪ್, ಮಂಚದ ಪಕ್ಕದಲ್ಲಿ ಮೂತ್ರದ ಚೀಲ ಇದ್ದವು. ಕಾಯಿಲೆ ಮಲಗಿಸಿದ್ದಕ್ಕಿಂತ ಹೆಚ್ಚಾಗಿ ಈ ಪೈಪುಗಳೇ ರೋಗಿಯನ್ನು ಹಾಸಿಗೆಗೆ ಕಟ್ಟಿಹಾಕುತ್ತವೆ. ಮನೆಯಲ್ಲಿ ಅಜ್ಜಿ ಏನೇನು ಮಾಡಿಕೊಳ್ಳುತ್ತಿದ್ದರು ಎಂದು ಕೇಳಿದೆ. ಮಗ ಮಾತ್ರೆಗಳ ಪಟ್ಟಿ ಹೇಳಿದರು. ಸೊಸೆ ಹೇಳಿದ್ದು ನನಗೆ ಬೇಕಾದ ಉತ್ತರ: ದನಕ್ಕೆ ಹುಲ್ಲು ಹಾಕುತ್ತಿದ್ದರು, ನೆಲದ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದರು, ಹಿತ್ತಲಿನ ಕಕ್ಕಸಿಗೆ ಒಬ್ಬರೇ ಹೋಗಿ ಬರುತ್ತಿದ್ದರು. ಅದನ್ನೇ ಶೀಟಿನಲ್ಲಿ ಬರೆದುಕೊಂಡೆ, ಏಕೆಂದರೆ ನಾವು ಉಳಿಸಿಕೊಡಬೇಕಾದದ್ದು ಅದನ್ನೇ.

‘ಅವ್ವನ್ನ ಎಬ್ಬಿಸ್ಬೇಡಿ ಮೇಡಂ, ಜ್ವರ ಇನ್ನೂ ಬಿಟ್ಟಿಲ್ಲ’ ಎಂದು ಮಗ ಅಡ್ಡ ಬಂದರು. ಸಂಜೆ ಊರಿನವರು ನೋಡಲು ಬರುತ್ತಾರೆ, ಕಾಯಿಲೆಯ ತಾಯಿಯನ್ನು ನಡೆಸಾಡಿಸುತ್ತಿದ್ದಾನೆ ಎಂದು ಆಡಿಕೊಳ್ಳುತ್ತಾರೆ ಎಂಬ ಅಳುಕೂ ಅವರಿಗಿತ್ತು. ಅವರ ಪ್ರೀತಿಯನ್ನು ನಾನು ಅನುಮಾನಿಸಲಾರೆ. ಆದರೆ ಆ ಪ್ರೀತಿಯೇ ಮಲಗಿಸಿ, ಹೊದಿಸಿ, ಬಾಯಿಗೆ ತುತ್ತಿಟ್ಟು ಕಾಲಿನ ಬಲವನ್ನು ಕಳೆದುಬಿಡುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸರಾಸರಿ 67 ವರ್ಷದ ಆರೋಗ್ಯವಂತರು 10 ದಿನ ಹಾಸಿಗೆಯಲ್ಲೇ ಇದ್ದುದಕ್ಕೆ ಅವರ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋ ಮಾಂಸಖಂಡ ಕರಗಿತ್ತು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಜ್ವರದಲ್ಲಿ ಬೇಯುತ್ತಿರುವ, ಎರಡು ತುತ್ತಿಗಿಂತ ಹೆಚ್ಚು ಊಟ ಸೇರದ ನಮ್ಮ ಅಜ್ಜಿಗೆ ಇನ್ನೂ ಬೇಗ ಕರಗುತ್ತದೆ ಎಂದು ಮಗನಿಗೆ ಬಿಡಿಸಿ ಹೇಳಿದೆ. ಪೂರ್ತಿ ಒಪ್ಪದಿದ್ದರೂ ಅವರು ಪಕ್ಕಕ್ಕೆ ಸರಿದು ನಿಂತರು.

ಮೊದಲು ಮಂಚದ ತಲೆಭಾಗವನ್ನು ಮೇಲಕ್ಕೆತ್ತಿ, ಪಾದಗಳನ್ನು ಹಿಂದೆ ಮುಂದೆ ಆಡಿಸಲು ಹೇಳಿದೆ. ಮಲಗಿದ್ದಾಗ ಒಮ್ಮೆ, ಕುಳಿತಾಗ ಒಮ್ಮೆ ಬಿಪಿ ನೋಡಿದೆ, ಏಕೆಂದರೆ ಮಲಗಿದ್ದವರು ಎದ್ದಾಗ ರಕ್ತದೊತ್ತಡ ತಟ್ಟನೆ ಇಳಿದು ಕಣ್ಣು ಕತ್ತಲಿಡುವುದುಂಟು. ಕಾಲು ಇಳಿಬಿಟ್ಟರೆ ಅಜ್ಜಿಯ ಪಾದ ನೆಲಕ್ಕೆ ಎಟುಕಲಿಲ್ಲ; ನಮ್ಮ ವಾರ್ಡಿನ ಮಂಚಗಳು ಅಷ್ಟು ಎತ್ತರ. ಮೆಟ್ಟಿಲು ಸ್ಟೂಲನ್ನು ಎಳೆದು ಪಾದದಡಿ ಇಟ್ಟು, ತಲೆಸುತ್ತು ನಿಲ್ಲುವವರೆಗೆ ಕಾದು, ನನ್ನ ಮುಂಗೈ ಹಿಡಿಸಿ ಇಳಿಸಿ ನಿಲ್ಲಿಸಿದೆ. ಮಂಡಿಗಳು ಗಡಗಡ ನಡುಗಿದವು. ‘ಕಾಲು ನಂದಲ್ಲ ಅನ್ನಿಸ್ತದೆ ಕಣವ್ವ’ ಎಂದರು. ಬೆರಳಿನ ಕ್ಲಿಪ್ಪಿನಲ್ಲಿ ಆಕ್ಸಿಜನ್ 94ರಿಂದ 90ಕ್ಕೆ ಜಾರಿತು. ಕುರ್ಚಿಯಲ್ಲಿ ಕೂರಿಸಿ, ಅದು ಮತ್ತೆ ಏರಿದ ಮೇಲೆ ಇನ್ನೊಮ್ಮೆ ನಿಲ್ಲಿಸಿದೆ. ಅಷ್ಟಕ್ಕೇ ಅಂದಿನ ವ್ಯಾಯಾಮ ಮುಗಿಯಿತು.

ಅಷ್ಟರಲ್ಲಿ ಗಂಜಿ ಬಂತು. ಸೊಸೆ ಚಮಚ ಎತ್ತಿದಾಗ, ಅದನ್ನು ಅಜ್ಜಿಯ ಕೈಗೇ ಕೊಡುವಂತೆ ಕೇಳಿಕೊಂಡೆ. ನೆಟ್ಟಗೆ ಕುಳಿತು ತಾವೇ ಉಣ್ಣುವುದರಿಂದ ತುತ್ತು ಸರಿಯಾಗಿ ಇಳಿಯುತ್ತದೆ, ಶ್ವಾಸಕೋಶ ಅರಳುತ್ತದೆ, ಕೈಗೂ ಕೆಲಸ ಸಿಗುತ್ತದೆ. ತಡವಾಗುವುದು ನಿಜ. ಮಧ್ಯಾಹ್ನ ಸಿಸ್ಟರ್ ಜೊತೆ ಮಾತಾಡಿ, ಮೂತ್ರದ ಪೈಪಿನ ಅಗತ್ಯ ಇನ್ನೂ ಇದೆಯೇ ಎಂದು ವೈದ್ಯರನ್ನು ವಿಚಾರಿಸಿದೆವು. ಇಲ್ಲವೆಂದಾಗ ತೆಗೆಯಲಾಯಿತು. ಪೈಪು ಹೋದರೆ ಶೌಚಕ್ಕೆ ಏಳಲೇಬೇಕು, ಎದ್ದಷ್ಟು ಸಲವೂ ಕಾಲಿಗೆ ಅಭ್ಯಾಸ. ಆದರೆ ವಾರ್ಡಿನ ಶೌಚಾಲಯದ ನೆಲ ಸದಾ ಒದ್ದೆ, ಹಿಡಿದುಕೊಳ್ಳಲು ಗೋಡೆಗೆ ಒಂದು ಸರಳೂ ಇಲ್ಲ. ಅದಕ್ಕಾಗಿ ಮೊದಲಿಗೆ ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇಡಿಸಿದೆ. ಬೀಳುತ್ತಾರೆಂಬ ಭಯದಿಂದ ರೋಗಿಯನ್ನು ಮಲಗಿಸುವ ನಾವು, ಬೀಳದಂತೆ ಒಂದು ಸರಳು ಹಾಕಿಸುವುದನ್ನು ಇನ್ನೂ ಚಿಕಿತ್ಸೆಯ ಭಾಗವೆಂದು ಎಣಿಸಿಲ್ಲವಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ನಾನು ಒಬ್ಬ ರೋಗಿಯ ಬಳಿ ಇರಬಹುದಾದದ್ದು ದಿನದಲ್ಲಿ ಸ್ವಲ್ಪವೇ ಹೊತ್ತು. ಉಳಿದ ಹೊತ್ತೆಲ್ಲ ಸೊಸೆಯದು. ಆದ್ದರಿಂದ ನಿಜವಾದ ಪಾಠ ಅವರಿಗೇ ಆಯಿತು: ರಟ್ಟೆ ಹಿಡಿದು ಎಳೆಯಬಾರದು, ಪಕ್ಕದಲ್ಲಿ ನಿಂತು ಸೊಂಟದ ಹಿಂದೆ ಕೈ ಕೊಡಬೇಕು; ತಲೆ ಸುತ್ತಿದರೆ, ಎದೆ ನೋವೆಂದರೆ, ಮಾತಾಡಲಾಗದಷ್ಟು ಉಬ್ಬಸ ಬಂದರೆ ಕೂರಿಸಿ ಸಿಸ್ಟರನ್ನು ಕರೆಯಬೇಕು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವೈದ್ಯೆ ಶರಾನ್ ಇನೋಯ್ 1990ರ ದಶಕದಲ್ಲಿ ರೂಪಿಸಿದ ಕಾರ್ಯಕ್ರಮದ ಮುಖ್ಯ ಗುರಿ ವೃದ್ಧ ರೋಗಿಗಳಿಗೆ ಆಸ್ಪತ್ರೆಯಲ್ಲಿ ಇದ್ದಕ್ಕಿದ್ದಂತೆ ಬುದ್ಧಿಭ್ರಮಣೆ (ಡೆಲಿರಿಯಂ) ಆಗದಂತೆ ನೋಡಿಕೊಳ್ಳುವುದು. ಅದರ ಅಂಗವಾಗಿ ಅವರನ್ನು ದಿನಕ್ಕೆ ಮೂರು ಸಲ ನಡೆಸಲು ತರಬೇತಿ ಪಡೆದ ಸ್ವಯಂಸೇವಕರ ನೆರವು ಪಡೆಯುತ್ತಾರೆ. ನಮ್ಮಲ್ಲಿ ಹೆಚ್ಚಿನ ಮಂಚಗಳ ಪಕ್ಕದಲ್ಲಿ ಮನೆಯವರೊಬ್ಬರು ಹಗಲೂ ರಾತ್ರಿ ಕುಳಿತೇ ಇರುತ್ತಾರೆ. ಅವರಿಗೆ ಔಷಧಿ ತರುವ, ರಿಪೋರ್ಟ್ ತರುವ ಕೆಲಸ ಹೇಳುತ್ತೇವೆ, ಎಬ್ಬಿಸಿ ನಿಲ್ಲಿಸುವುದನ್ನು ಕಲಿಸುವುದಿಲ್ಲ.

ಡಿಸ್ಚಾರ್ಜ್ ದಿನ ಅಜ್ಜಿ ಸೊಸೆಯ ಕೈ ಹಿಡಿದು ವರಾಂಡದ ಕೊನೆಯವರೆಗೂ ನಡೆದರು. ಕುಕ್ಕರಗಾಲಿನಲ್ಲಿ ಕೂರಲು, ನೆಲದಿಂದ ಏಳಲು ಮಾತ್ರ ಆಗುತ್ತಿರಲಿಲ್ಲ. ಮನೆಯ ಕಕ್ಕಸಿಗೆ ಕಮೋಡ್ ಕುರ್ಚಿ ಇಟ್ಟುಕೊಳ್ಳಲು, ದಿನಕ್ಕೆ ಎರಡು ಹೊತ್ತು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ಅಭ್ಯಾಸ ಮಾಡಲು, ಮೊಟ್ಟೆ, ಬೇಳೆ, ಹಾಲು ತಪ್ಪಿಸದಿರಲು ಹೇಳಿ ಕಳಿಸಿದೆ. ಕುರ್ಚಿ ಸುಲಭವಾದ ಮೇಲೆ ತಗ್ಗಿನ ಸ್ಟೂಲು, ಅದಾದ ಮೇಲೆ ಮಣೆ. ಓಪಿಡಿಗೆ ಮರಳಿ ಬಂದಾಗ ಸ್ಟೂಲಿನಿಂದ ಏಳುವುದನ್ನು ಮಾಡಿ ತೋರಿಸಿದರು. ಮಣೆಯಿಂದ ಏಳಲು ಇನ್ನೂ ಸೊಸೆಯ ಆಸರೆ ಬೇಕು, ಅಭ್ಯಾಸ ಮುಂದುವರಿದಿದೆ.